ಎರಡು ಬ್ರೇಕಿನ ಕಾರು

ಫೆಬ್ರವರಿ ೩, ಸೋಮವಾರ

ಇದು ನಮ್ಮ ಡ್ರೈವಿಂಗ್ ಸ್ಕೂಲಿನ ಹಾಜರಿ ಪುಸ್ತಕ. ಸ್ಕೂಲು ಮುಚ್ಚಿದಾಗ ಅರ್ಧ ಖಾಲಿ ಉಳಿದಿತ್ತು, ಎಸೆಯಲು ಮನಸ್ಸು ಬರಲಿಲ್ಲ. ಹೆಸರು, ದಿನಾಂಕ, ಸಹಿ ಎಂದು ಉದ್ದುದ್ದ ಗೆರೆ ಹೊಡೆದ ಹಾಳೆಯ ಮೇಲೆ ಅಡ್ಡಡ್ಡ ಬರೆಯುವುದು ಒಂಥರಾ ಕಷ್ಟ. ಇರಲಿ, ಯಾರು ಓದಬೇಕು?

ಮಗಳು ಬಸ್ ಓಡಿಸುತ್ತಾಳಂತೆ. ಒಂಬತ್ತು ವರ್ಷ ಕೊರಿಯರ್ ಆಫೀಸಿನ ಕೌಂಟರಿನ ಹಿಂದೆ ಕೂತು ಪೊಟ್ಟಣಗಳಿಗೆ ಚೀಟಿ ಅಂಟಿಸುತ್ತಿದ್ದವಳು ಒಂದು ದಿನ ಎದ್ದು ಅವರದೇ ವ್ಯಾನ್ ಹತ್ತಿದಳು. ವ್ಯಾನಿನಿಂದ ಲಾರಿ. ಈಗ ಹೆವಿ ಲೈಸೆನ್ಸ್ ಕೈಯಲ್ಲಿದೆ, ವಯಸ್ಸು ಮೂವತ್ತಾರು. ಕರಾವಳಿಯುದ್ದಕ್ಕೂ ಬಸ್ ಓಡಿಸುವ ಕಂಪನಿಯೊಂದಕ್ಕೆ ಡ್ರೈವರ್ ಬೇಕಂತೆ. ರಸ್ತೆ ಮುಗಿಯುವ ಊರಿನಲ್ಲಿ ಡಿಪೋ, ಹದಿಮೂರಕ್ಕೆ ಪರೀಕ್ಷೆ. ಅದಕ್ಕೆ ಮುಂಚೆ ಆ ದಾರಿಯನ್ನೆಲ್ಲ ಒಮ್ಮೆ ಕಾರಿನಲ್ಲಿ ಓಡಿಸಿ ನೋಡಬೇಕೆಂದು ಹಟ.

"ನೀನೂ ಬಾಪ್ಪ. ಮನೇಲಿ ಒಬ್ನೇ ಕೂತು ಗಾಳಿಗೆ ಗೇರ್ ಹಾಕ್ತಿರ್ತೀಯ" ಎಂದಳು.

ಅವಳಮ್ಮ ಹೋಗಿ ಎರಡು ವರ್ಷವಾಯಿತು. ಮನೆಯಲ್ಲಿ ಯಾರೊಡನೆ ಮಾತಾಡುವುದು? ಹೊರಟೆ.

ಕಾರು ಸ್ಕೂಲಿನದೇ. ಡ್ರೈವರ್ ಕಡೆ ಇರುವ ಹಾಗೆ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು. ಕಲಿಯುವವರು ಎಡವಟ್ಟು ಮಾಡಿದರೆ ಮೇಷ್ಟ್ರು ಒತ್ತಬೇಕಲ್ಲ, ಅದಕ್ಕೆ. ಮೂವತ್ತೆರಡು ವರ್ಷ ನಾನು ಕೂತದ್ದು ಆ ಪಕ್ಕದ ಸೀಟಿನಲ್ಲೇ. ಈಗಂತೂ ಅದೇ ಗತಿ, ಏಕೆಂದರೆ ಕಣ್ಣಿನ ಡಾಕ್ಟರು ಸ್ಟಿಯರಿಂಗ್ ಮುಟ್ಟಕೂಡದು ಅಂದಿದ್ದಾರೆ. ಎದುರಿಗಿರುವುದು ಚೆನ್ನಾಗಿ ಕಾಣುತ್ತದೆ, ಎರಡೂ ಪಕ್ಕ ಮಬ್ಬು.

ಹನ್ನೊಂದು ಗಂಟೆಗೆ ಒಂದು ದಿಣ್ಣೆ ಏರಿ ಇಳಿಯುವಾಗ ಆಲ್ ಆಫ್ ಎ ಸಡನ್ ಸಮುದ್ರ. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ 'ಎ ವಿಸಿಟ್ ಟು ದಿ ಸೀ' ಎಂದು ಪ್ರಬಂಧ ಬರೆದಿದ್ದೆ, ಸಮುದ್ರ ನೋಡದೆಯೇ. 'ದಿ ಸೀ ವಾಸ್ ರೋರಿಂಗ್' ಅಂತ ಶುರು ಮಾಡಿದ್ದೆ. ಇಲ್ಲಿ ರೋರಿಂಗೂ ಇಲ್ಲ, ಏನೂ ಇಲ್ಲ. ಇಸ್ತ್ರಿ ಮಾಡಿ ಹಾಸಿಟ್ಟ ಹಾಗಿತ್ತು. ಅಷ್ಟು ದೊಡ್ಡದು ಅಷ್ಟು ಸುಮ್ಮನಿರುವುದನ್ನು ನಾನು ನೋಡಿಯೇ ಇರಲಿಲ್ಲ.

ಮಗಳ ಡ್ರೈವಿಂಗ್: ಗೇರ್ ತಡವಾಗಿ ಬದಲಾಯಿಸುತ್ತಾಳೆ. ತಿರುವಿನಲ್ಲಿ ಹಾರ್ನ್ ಕಡಿಮೆ. ಪಾಸ್ ಮಾಡಬಹುದು, ಕಷ್ಟಪಟ್ಟು.

ಫೆಬ್ರವರಿ ೪, ಮಂಗಳವಾರ

ಇಡೀ ದಿನ ಸಮುದ್ರ ನನ್ನ ಕಡೆಗೇ ಇತ್ತು. ತೆಂಗಿನ ಮರಗಳು ರಸ್ತೆಯ ಮೇಲೆ ಬಾಗಿಕೊಂಡು, ಯಾರು ಹೋಗುತ್ತಿದ್ದಾರೆ ಎಂದು ಇಣುಕುವ ಅಕ್ಕಪಕ್ಕದ ಮನೆಯವರ ಹಾಗೆ. ಒಂದು ಕಡೆ ಮರಳು ಬಿಳಿ, ಮೈಲಿ ದಾಟಿದರೆ ಹಳದಿ, ಇನ್ನೊಂದು ಕೊಲ್ಲಿಯಲ್ಲಿ ಕಪ್ಪು, ಇದ್ದಿಲು ಪುಡಿ ಮಾಡಿ ಹರಡಿದಂತೆ. ದೂರದಲ್ಲಿ ದ್ವೀಪಗಳು. ಒಂದು ಆಮೆಯ ಹಾಗೆ, ಒಂದು ಬೋರಲು ಹಾಕಿದ ಬೋಗುಣಿಯ ಹಾಗೆ. ದ್ವೀಪಗಳ ಗುಂಪಿಗೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಪದವಿದೆ. ಆರ್ಕಿ, ಆರ್ಕಿ... ಬಾಯಿಯವರೆಗೆ ಬಂದು ವಾಪಸ್ ಹೋಗುತ್ತದೆ. ಮಗಳನ್ನು ಕೇಳಿದರೆ "ಅಪ್ಪ, ಎದುರಿಗೆ ಲಾರಿ ಬರ್ತಿದೆ, ಆಮೇಲೆ ಕೇಳು" ಎಂದಳು. ಲಾರಿ ಎಲ್ಲೋ ಅರ್ಧ ಮೈಲಿ ಆಚೆ ಇತ್ತು. ಆದರೂ ನಾನು ನನ್ನ ಕಡೆ ಬ್ರೇಕ್ ಒತ್ತಿದೆ.

"ಇವತ್ತಿಗೆ ಇದು ಐದ್ನೇದು."

"ಮೂರು ಸಲ ಕಾರಣ ಇತ್ತು."

"ಒಂದ್ಸಲ ಹಸು. ಅದೂ ಗದ್ದೆ ಒಳಗಿತ್ತು! ಇನ್ನೊಂದ್ಸಲ ಮುಟ್ಟಿದ್ರೆ ನೋಡು, ಹಿಂದಿನ ಸೀಟಿಗೆ ಕಳಿಸ್ತೀನಿ."

"ನಿನ್ನ ಮೀಸೆ ಮೇಷ್ಟ್ರು ಬ್ರೇಕೇ ಒತ್ತುತ್ತಿರಲಿಲ್ಲವೋ?"

"ಅವ್ರು ಕೈಕಟ್ಟಿ ಕೂತು ಹಾಡ್ತಿದ್ರು" ಎಂದಳು.

ಇದನ್ನು ಬರೆದೇಬಿಡುತ್ತೇನೆ. ನನ್ನ ಮಗಳು ಡ್ರೈವಿಂಗ್ ಕಲಿತದ್ದು ನನ್ನ ಹತ್ತಿರವಲ್ಲ, ಎದುರು ರಸ್ತೆಯ ಮೀಸೆಯವನ ಸ್ಕೂಲಿನಲ್ಲಿ. ಅವಳಮ್ಮನೇ ಕರೆದುಕೊಂಡು ಹೋಗಿ ಸೇರಿಸಿದ್ದು. 'ನಿಮ್ಮ ಹತ್ರ ಕಲಿತರೆ ಮಗುಗೆ ಕಾರಿನ ಭಯ ಬರಲ್ಲ, ಅಪ್ಪನ ಭಯ ಬರುತ್ತೆ' ಅಂದಿದ್ದಳು. ಹದಿನೈದು ವರ್ಷದ ಹಿಂದಿನ ಮಾತು. ಊರಿಗೆಲ್ಲ ಕಲಿಸಿದವನ ಮನೆಯ ಹುಡುಗಿ ಬೇರೆಯವನ ಬೋರ್ಡು ಹೊತ್ತ ಕಾರಿನಲ್ಲಿ ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದಳು. ನಾನು ಪೇಪರಿನಲ್ಲಿ ಮುಖ ಹುದುಗಿಸುತ್ತಿದ್ದೆ.

ಫೆಬ್ರವರಿ ೬, ಗುರುವಾರ

ನಿನ್ನೆ ಬರೆಯಲಿಲ್ಲ. ಬರೀ ನೇರ ರಸ್ತೆ, ಬರೀ ಮರಳು, ಮನಸ್ಸು ತುಂಬಿ ಸುಮ್ಮನಾಗಿತ್ತು.

ಇವತ್ತು ಬಂಡೆಯ ಮೇಲಿನ ತಿರುವುಗಳು. ಒಂದು ಕಡೆ ಗೋಡೆಯಂಥ ಕಲ್ಲು, ಇನ್ನೊಂದು ಕಡೆ ನೇರ ಕೆಳಗೆ ಹಸಿರು ನೀರು. ತಳದ ಕಲ್ಲುಗಳು ಎಣಿಸುವಂತೆ ಕಾಣುತ್ತಿದ್ದವು. ನಮ್ಮ ಇಂಗ್ಲಿಷ್ ಮೇಷ್ಟ್ರು 'ಸಬ್ಲೈಮ್' ಅಂತ ಒಂದು ಪದ ಹೇಳಿಕೊಟ್ಟಿದ್ದರು. ನೋಡಿದರೆ ಚೆಂದವೂ ಅನ್ನಿಸಬೇಕು, ಎದೆ ಧಸಕ್ಕೆನ್ನಲೂ ಬೇಕು, ಆಗ ಅದು ಸಬ್ಲೈಮ್. ನಲವತ್ತೆಂಟು ವರ್ಷ ಆದಮೇಲೆ ಪಾಠ ಅರ್ಥವಾಯಿತು.

ಇಪ್ಪತ್ತೇಳು ತಿರುವು. ಎಣಿಸಿದೆ. ಪ್ರತಿ ತಿರುವಿಗೂ ಮುಂಚೆಯೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಮುಟ್ಟದೆ, ಆಚೆ ಬರುವಾಗ ಮೆತ್ತಗೆ ವೇಗ ಎತ್ತಿಕೊಂಡಳು. ಬಸ್ಸಿನ ಉದ್ದ ಮನಸ್ಸಿನಲ್ಲಿಟ್ಟುಕೊಂಡು ಕಾರನ್ನು ಅಗಲಕ್ಕೆ ತಿರುಗಿಸುತ್ತಿದ್ದಾಳೆ ಅನ್ನುವುದು ಹತ್ತನೆಯದಕ್ಕೆ ಗೊತ್ತಾಯಿತು. ರಸ್ತೆ ಖಾಲಿ ಇತ್ತು, ಅದೃಷ್ಟ.

ಮಧ್ಯಾಹ್ನ ಒಂದು ಕಡೆ ಕಾರು ನಿಲ್ಲಿಸಿ "ಕತ್ತೆತ್ತು" ಎಂದು ಕಣ್ಣಿಗೆ ಡ್ರಾಪ್ಸ್ ಹಾಕಿದಳು. ಕಣ್ಣು ಬಿಟ್ಟಾಗ ದ್ವೀಪಗಳು ನೀರಿನಲ್ಲಿ ನೆನೆಸಿದ ಬಟ್ಟೆಗಳ ಹಾಗೆ ಅಲುಗಾಡಿ, ನಿಧಾನವಾಗಿ ಸರಿಯಾದವು.

ಫೆಬ್ರವರಿ ೭, ಶುಕ್ರವಾರ

ರಸ್ತೆ ಮುಗಿಯುವ ಊರಿಗೆ ಬಂದೆವು. ಲಾಡ್ಜಿನಲ್ಲಿ ಎರಡು ರೂಮು. ನನ್ನ ರೂಮಿನ ಬಕೆಟ್ಟಿಗೆ ಹಿಡಿಯಿಲ್ಲ, ಫ್ಯಾನು ಮೂರನೇ ನಂಬರಿಗೆ ಮಾತ್ರ ತಿರುಗುತ್ತದೆ, ಟೇಬಲ್ಲಿನ ಒಂದು ಕಾಲಿಗೆ ಮಡಿಸಿದ ರಟ್ಟು ಕೊಟ್ಟಿದ್ದಾರೆ. ಆದರೆ ಕಿಟಕಿ! ಕಿಟಕಿಗಾಗಿ ಇವನ್ನೆಲ್ಲ ಕ್ಷಮಿಸಬಹುದು.

ಎದುರಿಗೆ ಒಂದು ದ್ವೀಪ. ಬೆಳಿಗ್ಗೆ ಬಂದಾಗ ಮಧ್ಯೆ ಬರೀ ನೀರಿತ್ತು. ಹೊತ್ತು ಏರಿದಂತೆ ನೀರು ಇಳಿದು, ಒಂದೊಂದೇ ಕಲ್ಲು ಬೆನ್ನು ತೋರಿಸಿ, ಕೊನೆಗೆ ಒಂದು ರಸ್ತೆಯೇ ಎದ್ದು ಬಂತು, ಒದ್ದೆಯಾಗಿ, ಮಿಂಚುತ್ತಾ. ಕಲ್ಲುದಾರಿ ಅನ್ನುತ್ತಾರೆ ಇಲ್ಲಿಯವರು. ನೀರು ಇಳಿದಾಗ ಕೆಲವು ಗಂಟೆ ಗಾಡಿಗಳು ಓಡಾಡುತ್ತವೆ, ಉಬ್ಬರ ಬಂದರೆ ಮತ್ತೆ ಸಮುದ್ರ. ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂದು ದಡದಲ್ಲಿ ಒಂದು ಹಲಗೆಯ ಮೇಲೆ ದಿನಾ ಬರೆದಿಡುತ್ತಾರೆ. ಮಗಳಿಗೆ ಬೇಕಾದ ಬಸ್ಸು ಈ ದಾರಿಯ ಮೇಲೆಯೇ ಹೋಗಬೇಕು. ದ್ವೀಪದಲ್ಲಿ ಸ್ಕೂಲಿದೆ, ಆಸ್ಪತ್ರೆಯಿಲ್ಲ. ಅವರಿಗೆಲ್ಲ ಇರುವುದು ಒಂದೇ ಬಸ್ಸು.

"ಮುಚ್ಚೋಕೆ ಹತ್ತು ನಿಮಿಷ ಇರೋವಾಗ ದಾಟಿ ನೋಡ್ಬೇಕು ನಾಳೆ" ಎಂದಳು. "ಬೆರಳುದ್ದ ನೀರು ಇರುತ್ತೆ. ಬಸ್ಸಿಗೆ ಎಷ್ಟೋ ದಿನ ಹಂಗೇ ಹೋಗ್ಬೇಕಾಗುತ್ತಂತೆ."

ನಾನು ಹೋಗಿ ಹಲಗೆಯ ಮೇಲಿನ ಸಮಯವನ್ನು ಎರಡು ಸಲ ಓದಿಬಂದೆ.

ಫೆಬ್ರವರಿ ೮, ಶನಿವಾರ

ಕಾರು ಕಲ್ಲುದಾರಿಯ ಮಧ್ಯೆ ನೀರಿನಲ್ಲಿ ನಿಂತುಹೋಯಿತು. ದ್ವೀಪದಿಂದ ವಾಪಸ್ ಬರುವಾಗ. ಅಷ್ಟು ತಡವಾಗಿ ಮಗಳು ಇಳಿಯಬಾರದಿತ್ತು. ಇಂಜಿನ್ ಆಫ್ ಆಯಿತು, ನೀರು ಏರಿ ಸೈಲೆನ್ಸರಿಗೆ ನುಗ್ಗಿತು, ಮತ್ತೆ ಸ್ಟಾರ್ಟ್ ಆಗಲಿಲ್ಲ. ಅವಳು ನನ್ನ ಕಾಲಿನ ಕಡೆ ನೋಡಿದಳು.

ನೀರು ಮೊಣಕಾಲಿಗೆ ಬರುವ ಹೊತ್ತಿಗೆ ಟ್ರಾಕ್ಟರ್ ಬಂತು. ದೋಣಿಗಳನ್ನು ದಡಕ್ಕೆ ಎಳೆಯುವ ಟ್ರಾಕ್ಟರ್. ಓಡಿಸುತ್ತಿದ್ದವಳು ದಪ್ಪ ಹೆಂಗಸು, ತಲೆಗೆ ಟವೆಲ್ಲು. "ಜಾಗ ಚೆನ್ನಾಗಿ ಹುಡುಕಿದೀರ ಮೀನು ಹಿಡಿಯೋಕೆ" ಎಂದಳು. ಹಗ್ಗ ಕಟ್ಟುತ್ತಾ "ಓಡಿಸ್ತಿದ್ದೋರು ಯಾರು?" ಎಂದಳು.

"ನಾನು" ಎಂದಳು ಮಗಳು.

"ಹೆಸರು ಹೇಳಮ್ಮ." ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಳು.

ಇಷ್ಟೇ ನಡೆದದ್ದು. ಸುಸ್ತು.

ಫೆಬ್ರವರಿ ೯, ಭಾನುವಾರ

ಗ್ಯಾರೇಜಿನಲ್ಲಿ ಇಡೀ ದಿನ. ಕನ್ನಡಕವನ್ನು ಹಣೆಗೇರಿಸಿಕೊಂಡಿರುವ ಮೆಕ್ಯಾನಿಕ್ಕು, ಒಬ್ಬನೇ. ಸಿಹಿನೀರು ಬಿಟ್ಟು ಉಪ್ಪು ತೊಳೆದ, ಎಣ್ಣೆ ಇಳಿಸಿದ. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಬಗ್ಗಿಕೊಂಡೇ, ಯಾವುದೋ ಹವಾಮಾನದ ಸುದ್ದಿಯ ಹಾಗೆ, ಆ ವಿಷಯ ಹೇಳಿದ.

ಡಿಪೋದಲ್ಲಿ 'ನಿಂತವರ ಪುಸ್ತಕ' ಅಂತ ಒಂದಿದೆಯಂತೆ. ಬಸ್ಸಾಗಲಿ, ಸ್ವಂತ ಕಾರಾಗಲಿ, ಕಲ್ಲುದಾರಿಯ ಮೇಲೆ ನೀರಿನಲ್ಲಿ ಗಾಡಿ ನಿಲ್ಲಿಸಿದವರ ಹೆಸರು ಆ ಪುಸ್ತಕಕ್ಕೆ ಹೋಗುತ್ತದೆ. ಎಳೆದು ತಂದ ಟ್ರಾಕ್ಟರಿನವಳು ಅವತ್ತೇ ಹೋಗಿ ಬರೆಸಬೇಕು. ಅದರಲ್ಲಿ ಹೆಸರಿದ್ದವರಿಗೆ ಈ ದಾರಿಯ ಸ್ಟಿಯರಿಂಗ್ ಇಲ್ಲ. ಒಂದು ವರ್ಷ ಎರಡು ವರ್ಷದ ಮಾತಲ್ಲ, ಯಾವತ್ತಿಗೂ ಇಲ್ಲ. ಬಹಳ ಹಿಂದೆ ಒಂದು ಬಸ್ಸು ನಿಂತು, ಸ್ಕೂಲು ಮಕ್ಕಳನ್ನು ಹೆಗಲ ಮೇಲೆ ಹೊತ್ತು ತರಬೇಕಾಯಿತಂತೆ. ಅಂದಿನಿಂದ.

"ಪರೀಕ್ಷೆಗೆ ಬರೋದು ಬೇಡ ಅಂತ ಡಿಪೋದಿಂದ ಫೋನ್ ಬಂತು" ಎಂದಳು ಮಗಳು. ಹಳೇ ಟೈರಿನ ಮೇಲೆ ಕೂತಿದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ನೀನು ಯಾಕೆ ಹೇಳಲಿಲ್ಲ, ನನ್ನ ಕಾಲು... ಸ್ವಲ್ಪ ತಾಗಿರಬಹುದು ಅಂತ?"

"ಏನಂತ ಹೇಳ್ಲಪ್ಪ? ಡ್ರೈವಿಂಗ್ ಮೇಷ್ಟ್ರು ನೀರಲ್ಲಿ ಬ್ರೇಕ್ ಹಾಕಿದ್ರು ಅಂತಾನಾ? ಆ ಟ್ರಾಕ್ಟರಮ್ಮ ಊರಿಗೆಲ್ಲ ಡಂಗುರ ಹೊಡೀತಿದ್ಲು. ಬಿಡು, ಬೇರೆ ಕಂಪನಿ ನೋಡೋಣ."

ತಾಗಿರಬಹುದು ಅಂದೆ. ಹೌದು, ತಾಗಿರಬಹುದು.

ಫೆಬ್ರವರಿ ೧೧, ಮಂಗಳವಾರ

ಬೆಳಿಗ್ಗೆಯಿಂದ ಕಿಟಕಿಯ ಮುಂದೆ ಕೂತಿದ್ದೇನೆ. ಕಲ್ಲುದಾರಿ ಎದ್ದಿತು, ಮುಳುಗಿತು. ಎಷ್ಟು ನೋಡಿದರೂ ಬೇಸರವಾಗುವುದಿಲ್ಲ ಅನ್ನುವುದೇ ಹಿಂಸೆ.

ಸರಿಯಾಗಿ ಬರೆಯುತ್ತೇನೆ. ಹಾಜರಿ ಪುಸ್ತಕದಲ್ಲಿ ಸುಳ್ಳು ಹಾಜರಿ ಹಾಕಿದವನಲ್ಲ ನಾನು.

ಮಗಳು ಲೆಕ್ಕ ಹಾಕಿಯೇ ಇಳಿದಿದ್ದಳು. ಹಲಗೆಯ ಸಮಯ ನೋಡಿ, ಗಡಿಯಾರ ನೋಡಿ, ನೀರು ಎರಡು ಬೆರಳಿಗಿಂತ ಹೆಚ್ಚಿಲ್ಲವೆಂದು ಇಳಿದು ನಿಂತು ನೋಡಿ, ಆಮೇಲೆ ಹೊರಟಳು. ಫಸ್ಟ್ ಗೇರ್, ಒಂದೇ ವೇಗ, ಒಂದೇ ಸದ್ದು. ನೀರಿನಲ್ಲಿ ಹೇಗೆ ಹೋಗಬೇಕೋ ಹಾಗೇ. 'ನೀರಿಗೆ ಇಳಿದ ಮೇಲೆ ನಿಲ್ಲಿಸಬೇಡಿ, ಗೇರ್ ಬದಲಾಯಿಸಬೇಡಿ, ಒಂದೇ ಸಮ ಹೋಗಿ' ಎಂದು ಮೂವತ್ತೆರಡು ವರ್ಷ ಎಷ್ಟು ಸಾವಿರ ಜನಕ್ಕೆ ಹೇಳಿದ್ದೇನೋ! ಅವಳು ಮೆಲ್ಲಗೆ ಹಾಡು ಬೇರೆ ಗುನುಗುತ್ತಿದ್ದಳು.

ಅರ್ಧ ದಾರಿಗೆ ಬಂದಾಗ ಮೋಡ ಸರಿದು ಬಿಸಿಲು ಬಿತ್ತು. ನೀರೆಲ್ಲ ಬೆಳ್ಳಿ. ಮುಂದೆ, ಹಿಂದೆ, ಎಲ್ಲ ಕಡೆ. ನನ್ನ ಕಣ್ಣಿಗೆ ಪಕ್ಕದ್ದು ಕಾಣುವುದಿಲ್ಲವಲ್ಲ, ದಾರಿಯ ಅಂಚು ಮಾಯವಾಯಿತು. ನಾವು ಸಮುದ್ರದ ಮೇಲೆಯೇ ಹೋಗುತ್ತಿದ್ದೇವೆ ಅನ್ನಿಸಿತು. ಜೀವಮಾನದಲ್ಲಿ ಅಷ್ಟು ಚೆಂದವಾದದ್ದನ್ನು ನೋಡಿಲ್ಲ. ಹೆದರಿದೆ. ಒಂದು ಕಾಲಲ್ಲ, ಎರಡೂ ಕಾಲು. ಬ್ರೇಕಿನ ಮೇಲೆ ನಿಂತೇಬಿಟ್ಟೆ. ಕ್ಲಚ್ಚನ್ನೂ ಒತ್ತಲಿಲ್ಲ, ಮೊದಲ ದಿನದ ಕಲಿಕೆಯವರ ಹಾಗೆ. ಇಂಜಿನ್ ಒಂದು ಸಲ ಗಕ್ಕೆಂದು ಸತ್ತಿತು.

ಅವಳು ಇಡೀ ಕರಾವಳಿಯಲ್ಲಿ ಒಂದೇ ಒಂದು ಕಡೆಯೂ ತಪ್ಪಲಿಲ್ಲ. ಇಪ್ಪತ್ತೇಳು ತಿರುವು ಅದೃಷ್ಟವಲ್ಲ. ಗದ್ದೆಯಲ್ಲಿದ್ದ ಹಸು ಗದ್ದೆಯಲ್ಲೇ ಇತ್ತು.

ನಾಳೆ ಡಿಪೋಗೆ ಹೋಗಿಬರುತ್ತೇನೆ. ಸುಮ್ಮನೆ, ವಾಕಿಂಗ್ ಹೋದ ಹಾಗೆ.

ಫೆಬ್ರವರಿ ೧೨, ಬುಧವಾರ

ಡಿಪೋದ ಇನ್ಸ್‌ಪೆಕ್ಟರು ಕುಳ್ಳು, ಗಟ್ಟಿ ಆಸಾಮಿ. ಮೇಜಿನ ಮೇಲೆ ಮೂರು ಟೆಲಿಫೋನು, ಒಂದಕ್ಕೂ ವಯರಿಲ್ಲ. ನಾನು ಹೇಳಿದ್ದನ್ನು ಕೇಳಿ ಪೆನ್ಸಿಲ್ಲಿನಿಂದ ಕಿವಿ ಕೆರೆದುಕೊಂಡರು.

"ಯಜಮಾನ್ರೇ, ಹೋದ ವರ್ಷ ಒಬ್ರು ಬಂದು ಮಗನ ಬದ್ಲು ತಾವೇ ಓಡಿಸ್ತಿದ್ದೆ ಅಂದ್ರು. ಅವರಿಗೆ ಎರಡು ಕೈಗೂ ಪ್ಲಾಸ್ಟರು. ಅಪ್ಪಂದಿರು ಏನ್ ಬೇಕಾದ್ರೂ ಹೇಳ್ತಾರೆ."

"ನಾನು ಓಡಿಸುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಬ್ರೇಕ್ ಒತ್ತಿದೆ."

"ಪಕ್ಕದಲ್ಲಿ ಕೂತೋರಿಗೆ ಬ್ರೇಕ್ ಎಲ್ಲಿಂದ ಬಂತು?"

"ಬಂದು ನೋಡಿ."

ಬಂದರು, ನಡೆದುಕೊಂಡೇ. ನಾನು ಹೇಳದೆ ಹೋಗಿದ್ದೆನಲ್ಲ, ಗ್ಯಾರೇಜಿನಲ್ಲಿ ಮಗಳು ನಮ್ಮಿಬ್ಬರನ್ನು ನೋಡಿ ಎದ್ದು ನಿಂತಳು. ಇನ್ಸ್‌ಪೆಕ್ಟರು ನನ್ನ ಸೀಟಿನ ಕೆಳಗೆ ತಲೆ ತೂರಿಸಿ, ಟಾರ್ಚ್ ಹಾಕಿ, ಎರಡು ಕಡೆಯ ಪೆಡಲುಗಳನ್ನೂ ಸವರಿ ನೋಡಿದರು. ಆಮೇಲೆ ನಗಲು ಶುರು ಮಾಡಿದರು.

"ಮೆಕ್ಯಾನಿಕ್ಕೇ, ಬಾಯಿಲ್ಲಿ! ಡ್ರೈವರ್ ಕಡೆ ರಬ್ಬರು ಇನ್ನೂ ಹೊಸದರ ಹಂಗಿದೆ. ಈ ಕಡೇದು ನೋಡು, ರಬ್ಬರೆಲ್ಲ ಸವೆದು ಕಬ್ಬಿಣ ಪಾಲಿಶ್ ಆಗಿದೆ. ಮುಖ ನೋಡ್ಕೋಬಹುದು. ಯಜಮಾನ್ರೇ, ನೀವು ಜನಕ್ಕೆ ಓಡಿಸೋದು ಕಲಿಸ್ತಿದ್ರೋ, ನಿಲ್ಸೋದೋ?"

ನಾನು ತಲೆ ತಗ್ಗಿಸಿದೆ. ಮೆಕ್ಯಾನಿಕ್ಕು ಹಣೆಯ ಕನ್ನಡಕವನ್ನು ಮೂಗಿಗೆ ಇಳಿಸಿ ನೋಡಿದ. ಮಗಳು ಮಾತ್ರ ನಗಲಿಲ್ಲ. "ಸರ್, ಅಪ್ಪ ಹೇಳಿದ್ದು ಬೇಡ, ಕಾರು ನನ್ನ ಕೈಲೇ ಇತ್ತು" ಎಂದು ಮುಂದೆ ಬಂದಳು.

"ನೀನು ಸುಮ್ಮನಿರು" ಎಂದೆ. ಜೀವಮಾನದಲ್ಲಿ ಅವಳಿಗೆ ಆ ಮಾತನ್ನು ಇಷ್ಟು ಮೆತ್ತಗೆ ಹೇಳಿದ್ದು ಇದೇ ಮೊದಲೇನೋ.

ಬರೆದುಕೊಡಿ ಎಂದರು. ಡಿಪೋಗೆ ವಾಪಸ್ ಹೋಗಿ ಇಂಗ್ಲಿಷಿನಲ್ಲೇ ಬರೆದೆ, ತೂಕ ಇರಲಿ ಅಂತ. 'ಐ, ದಿ ಅಂಡರ್‌ಸೈನ್ಡ್, ಡಿಡ್ ಅಪ್ಲೈ ದಿ ಬ್ರೇಕ್ ವಿತ್ ಬೋತ್ ಲೆಗ್ಸ್, ಡ್ಯೂ ಟು ಫಿಯರ್ ಆಫ್ ಬ್ಯೂಟಿ.' ಇನ್ಸ್‌ಪೆಕ್ಟರು ಎರಡು ಸಲ ಓದಿ, ಕೊನೆಯದನ್ನು ಹೊಡೆದುಹಾಕಲೇ ಎಂದು ಕೇಳಿದರು. ಇರಲಿ ಸರ್, ಅದೇ ನಿಜ ಎಂದೆ.

ನಿಂತವರ ಪುಸ್ತಕ ತೆಗೆದರು. ಮಗಳ ಹೆಸರಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ನನ್ನ ಹೆಸರು ಬರೆದರು. ಇನ್ನು ಈ ದಾರಿಯಲ್ಲಿ ಬಸ್ ಓಡಿಸುವ ಭಾಗ್ಯ ನನಗಿಲ್ಲ.

ಸಂಜೆ ಮೆಕ್ಯಾನಿಕ್ಕಿಗೆ ಹೇಳಿ ನನ್ನ ಕಡೆಯ ಎರಡು ಪೆಡಲನ್ನೂ ಬಿಚ್ಚಿಸಿದೆ. ಆ ಜಾಗದಲ್ಲಿ ಈಗ ಕಾಲು ಚಾಚಿ ಕೂರಬಹುದು. ಇಷ್ಟು ಜಾಗವಿದೆಯೆಂದು ಗೊತ್ತೇ ಇರಲಿಲ್ಲ.

ಫೆಬ್ರವರಿ ೧೩, ಗುರುವಾರ

ಪರೀಕ್ಷೆಯ ಬಸ್ಸಿಗೆ ನನ್ನನ್ನು ಹತ್ತಿಸಲಿಲ್ಲ. ದಡದಲ್ಲಿ ಟ್ರಾಕ್ಟರಿನ ಪಕ್ಕ ನಿಂತಿದ್ದೆ. ಮೂರು ಗಂಟೆಗೆ ಮುಚ್ಚುವ ದಾರಿ. ಮೂರಕ್ಕೆ ಎಂಟು ನಿಮಿಷ ಇರುವಾಗ ದ್ವೀಪದ ಕಡೆಯಿಂದ ಬಸ್ಸು ಇಳಿಯಿತು.

ಸೆಕೆಂಡಿನಿಂದ ಫಸ್ಟಿಗೆ ಇಳಿಸಿದ್ದು ನೀರಿನ ಮೇಲೆ ಹಾದು ಕೇಳಿಸಿತು. ಎಲ್ಲಿ ಇಳಿಸಬೇಕೋ ಅಲ್ಲೇ. ಆಮೇಲೆ ಒಂದೇ ಸದ್ದು. ಅಷ್ಟು ದೊಡ್ಡ ಬಸ್ಸು, ಅದರ ಕೆಳಗೆ ತಲೆಕೆಳಗಾದ ಇನ್ನೊಂದು ಬಸ್ಸು, ಎರಡೂ ಚಕ್ರಕ್ಕೆ ಚಕ್ರ ಕೂಡಿಸಿಕೊಂಡು ನಿಧಾನಕ್ಕೆ ಬಂದವು. ಬದಿಯಲ್ಲಿ ಒಂಟಿಕಾಲಿನಲ್ಲಿ ನಿಂತಿದ್ದ ಬಿಳಿ ಹಕ್ಕಿಗಳು ಹಾರಲೂ ಇಲ್ಲ. ಬಸ್ಸು ಹಾದುಹೋಗಲಿ ಎಂದು ಹಾಗೇ ನಿಂತವು. ನನ್ನ ಹತ್ತಿರ ಪದವಿಲ್ಲ, ಎರಡು ಭಾಷೆಯಲ್ಲೂ ಇಲ್ಲ.

"ಇವತ್ತು ನನಗೆ ಕೆಲ್ಸ ಇಲ್ಲ ಬಿಡಿ" ಎಂದಳು ಟ್ರಾಕ್ಟರಮ್ಮ. "ನಿಮ್ಮ ಮಗಳಿಗೆ ಕಲಿಸ್ದೋರು ಯಾರು?"

"ನಮ್ಮೂರಲ್ಲಿ ಒಬ್ಬರು ಮೀಸೆ ಮೇಷ್ಟ್ರಿದ್ದಾರೆ. ಬಹಳ ಚೆನ್ನಾಗಿ ಕಲಿಸುತ್ತಾರೆ" ಎಂದೆ.

ಪಾಸ್. ಮಾರ್ಚ್ ಒಂದರಿಂದ ಕೆಲಸ.

ಮಾರ್ಚ್ ೩, ಸೋಮವಾರ

ಇವತ್ತು ಟಿಕೆಟ್ ತೆಗೆದು ಮಗಳ ಬಸ್ ಹತ್ತಿದೆ. ಸಂಜೆಯ ಸರ್ವೀಸು, ಮೂರನೇ ಸಾಲು, ಕಿಟಕಿ ಪಕ್ಕ. ತೊಡೆಯ ಮೇಲೆ ಈ ಪುಸ್ತಕ ಬಿಚ್ಚಿಟ್ಟುಕೊಂಡು ಕೂತಿದ್ದೆ. ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಕಂಡಲ್ಲೇ ಬರೆಯಬೇಕು, ಸಮುದ್ರದ ಮೇಲೆ ಸೂರ್ಯ ಮುಳುಗುವುದನ್ನು ವಿಸ್ತಾರವಾಗಿ ವರ್ಣಿಸಬೇಕು ಎಂದೆಲ್ಲ ಇತ್ತು. 'ಬಸ್ಸು ಹೊರಟಿತು' ಎಂದು ಬರೆದದ್ದು ನಿಜ. ಮೇಲಿನ ಹಾಳೆಯಲ್ಲಿದೆ, ಅದರ ಮುಂದೆ ಪೆನ್ನು ಜಾರಿದ ಒಂದು ಗೆರೆ.

ಕಂಡಕ್ಟರ್ ಭುಜ ಅಲ್ಲಾಡಿಸಿದ. "ಅಜ್ಜಾ, ದ್ವೀಪ ಬಂತು. ಕೊನೇ ಸ್ಟಾಪು."

"ಕಲ್ಲುದಾರಿ?"

"ಅದು ದಾಟಿ ಆಯ್ತಲ್ಲಜ್ಜ."

ಒಂದು ಗಂಟೆ ಹತ್ತು ನಿಮಿಷ ಸತ್ತಂತೆ ಮಲಗಿದ್ದೇನೆ! ಹೊಸ ಡ್ರಾಪ್ಸಿನದೇ ಕಿತಾಪತಿ ಇರಬೇಕು, ಡಾಕ್ಟರನ್ನು ಕೇಳಬೇಕು. ಸಮುದ್ರವಿಲ್ಲ, ಸೂರ್ಯನಿಲ್ಲ, ಒಂದನ್ನೂ ನೋಡಲಿಲ್ಲ. ಬರೆಯಲು ಇವತ್ತು ಏನೂ ಇಲ್ಲ.

ಮಗಳು ಡ್ರೈವರ್ ಸೀಟಿನಿಂದ ಇಳಿದು ನನ್ನ ಹತ್ತಿರ ಬಂದಳು. "ಕನ್ನಡೀಲಿ ನೋಡ್ತಾನೇ ಇದ್ದೆ. ನೀರಿನ ಮಧ್ಯೆ ಗೊರಕೆ ಹೊಡೀತಿದ್ದೆ ಕಣಪ್ಪ, ಬಸ್ಸಿನೋರೆಲ್ಲ ನಗ್ತಿದ್ರು" ಎಂದಳು.

ಬೈದ ಹಾಗಿರಲಿಲ್ಲ. ಯಾಕೋ ಗೊತ್ತಿಲ್ಲ, ತುಂಬಾ ಖುಷಿಯಲ್ಲಿದ್ದಳು.